ಬಾಗಿಲು ನೋಡುವ ಪಾಳಿ

ಆ ದಿನ ತರಗತಿಯಲ್ಲಿ ಬಾಗಿಲು ನೋಡುವ ಪಾಳಿ ತನುಜಾಳದು. ಯಾರಾದರೊಬ್ಬರು ನೋಡುತ್ತಲೇ ಇರದಿದ್ದರೆ ಈಗ ಯಾವ ವಸ್ತುವೂ ಇದ್ದಲ್ಲಿ ಇರುವುದಿಲ್ಲವಲ್ಲ. ಬಾಗಿಲಿನಿಂದ ಕಣ್ಣು ತೆಗೆಯದೆಯೇ ಅವಳು ಕೇಳಿದಳು.

“ಸರ್, ನೀವು ಚಿಕ್ಕವರಿದ್ದಾಗ ಯಾರೂ ನೋಡದಿದ್ರೂ ಸೈಕಲ್ಲು ನಿಲ್ಲಿಸಿದ ಜಾಗದಲ್ಲೇ ಇರ್ತಿತ್ತಂತೆ. ಅಲ್ಲೇ ಇರ್ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗ್ತಿತ್ತು?”

ನಾನು ಇಷ್ಟು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. “ಇರ್ತಿತ್ತು ಅಷ್ಟೇ ಕಣಮ್ಮ. ಯಾಕೆ ಅಂತ ನಾವು ಕೇಳೋಕೇ ಹೋಗ್ಲಿಲ್ಲ,” ಎಂದೆ.

“ಮತ್ತೆ ರಾತ್ರಿ ಮನೆ ಯಾರು ನೋಡ್ತಿದ್ರು?”

“ಯಾರೂ ಇಲ್ಲ. ಅವ್ವ ದೀಪ ಆರಿಸೋಳು. ಒಂದೇ ಜಮಖಾನದ ಮೇಲೆ ಎಲ್ರೂ ಸಾಲಾಗಿ ಮಲಗ್ತಿದ್ವಿ. ಅಪ್ಪನ ಗೊರಕೆ ಕೇಳ್ತಾ ಕೇಳ್ತಾ ನಿದ್ದೆ ಬರ್ತಿತ್ತು.”

“ಎಲ್ರೂ ಒಟ್ಟಿಗೇನಾ?”

ಅಪ್ಪ ಮಲಗಿದರೆ ಅಮ್ಮ ಎದ್ದಿರುವುದನ್ನೇ ನೋಡಿ ಬೆಳೆದ ಹುಡುಗಿ ಬೆರಗಾಗಿ ನನ್ನ ಕಡೆ ತಿರುಗಿಬಿಟ್ಟಳು. ಬಾಗಿಲು ಹೋಯಿತು. ಬರಿಗೋಡೆ ನೋಡಿ ಉಳಿದವರು ಗೊಣಗತೊಡಗಿದರು. ಅವಳ ಕಣ್ಣು ತುಂಬಿ ಬಂತು.

ಬೈಯಬೇಕಿತ್ತು. ಸೀಮೆಸುಣ್ಣ ಕೆಳಗಿಟ್ಟೆ.

“ಹೇಗೂ ಬಾಗಿಲು ಹೋಯ್ತಲ್ಲ. ಬನ್ನಿ, ಒಂದೇ ಒಂದ್ಸಲ ಎಲ್ರೂ ಒಟ್ಟಿಗೆ ಕಣ್ಣು ಮುಚ್ಚೋಣ.”

ಮೊದಲು ಮುಚ್ಚಿದವಳು ತನುಜಾ.