ಎರಡು ಸಲ ಉಜ್ಜಿದ ಬಾಣಲೆ

ಊಟ ಚೆನ್ನಾಗಿತ್ತು ಎಂದು ಹೇಳಲು ವಸತಿಗೃಹದ ಅಡುಗೆಮನೆಗೆ ಬಂದ ತಾಯಿ ಬಾಗಿಲಲ್ಲೇ ನಿಂತುಬಿಟ್ಟಳು. ಈಗಷ್ಟೇ ಮಗಳಿಗೆ ಅನ್ನ ಹುರಿದುಕೊಟ್ಟ ಬಾಣಲೆಗೆ ಅಡುಗೆಯವನು ಹಿಡಿ ಹಿಟ್ಟು ಉದುರಿಸಿ ಒಣಬಟ್ಟೆಯಿಂದ ಉಜ್ಜುತ್ತಿದ್ದ.

"ಅದೇನು ಹಿಟ್ಟು?"

"ಗೋಧಿದು ಅಕ್ಕಾ. ಜಿಡ್ಡು ತೆಗೆಯೋಕೆ ಇದನ್ನ ಬಿಟ್ರೆ ಇಲ್ಲ. ನೋಡಿ, ಮುಖ ಕಾಣುತ್ತೆ!"

ಮಗಳಿಗೆ ಗೋಧಿಯ ಒಂದು ಕಣವೂ ಆಗದು. ಹೋದ ಪ್ರವಾಸದಲ್ಲಿ ಒಂದೇ ಒಂದು ಬಿಸ್ಕತ್ತು ತಿಂದು ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಅದಕ್ಕೇ ಈ ಸಲ ತಾಯಿ ಅಡುಗೆಯವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಅವನೂ ತಲೆಯಾಡಿಸಿ ಬೇರೆ ಎಣ್ಣೆ, ಬೇರೆ ಸೌಟು ತೆಗೆದಿಟ್ಟಿದ್ದ.

"ಅಡುಗೆಗೆ ಮುಂಚೆನೂ... ಹೀಗೇ ಉಜ್ಜಿದ್ರಾ?"

"ಮತ್ತೆ? ಪಾಪೂದು ಸೂಕ್ಷ್ಮ ಹೊಟ್ಟೆ ಅಂದ್ರಲ್ಲ, ಅದಕ್ಕೇ ಎರಡೆರಡು ಸಲ ಉಜ್ಜಿದೆ. ಸೋಪು ಮುಟ್ಟಿಸಲೇ ಇಲ್ಲ!" ಅವನ ಮುಖ ಹೆಮ್ಮೆಯಿಂದ ಅರಳಿತ್ತು.

ಬಾಣಲೆಯ ಹಿಡಿಯ ಸಂದಿಯಲ್ಲಿ ಬೆಳ್ಳಗೆ ಮೆತ್ತಿದ್ದ ಹಿಟ್ಟಿನಿಂದ ಕಣ್ಣು ಕಿತ್ತು, ಅವಳು ಮಗಳ ತಟ್ಟೆ ಕಸಿದುಕೊಳ್ಳಲು ಸರಕ್ಕನೆ ತಿರುಗಿದಳು.

ಮಗಳು ಆಗಲೇ ಬೆನ್ನ ಹಿಂದೆ ಬಂದು ನಿಂತಿದ್ದಳು. ಬೆರಳು ನೆಕ್ಕುತ್ತಾ ಖಾಲಿ ತಟ್ಟೆಯನ್ನು ಮುಂದೆ ಚಾಚಿದಳು.

"ಮಾಮಾ, ಇನ್ನೊಂಚೂರು ಇದೆಯಾ?"