ಹನ್ನೆರಡು ಎಡಗೈಗಳು

ತೀರಿಹೋದ ಕೆಲಸಗಾರರ ಕೈಚಳಕವನ್ನು ಯುವಕರ ಕೈಗೆ ಇಳಿಸುವ ತರಬೇತಿ ಕೇಂದ್ರದಲ್ಲಿ, ನಾಳೆ ಪ್ರಾಯೋಜಕರಿಗೆ ತೋರಿಸಬೇಕಾದ ಸ್ಲೈಡುಗಳನ್ನು ಸುಜಯಾ ಸಿದ್ಧಮಾಡುತ್ತಿದ್ದಳು. ಈ ಸಲದ ಹನ್ನೆರಡು ಹುಡುಗರಿಗೆ ಇಳಿಸಿದ್ದು ಲೇತ್ ಕೆಲಸದಲ್ಲಿ ಹೆಸರು ಮಾಡಿದ್ದ ಅವಳ ಗಂಡನ ಕೈಚಳಕ. ವಿಡಿಯೊದಲ್ಲಿ ಹನ್ನೆರಡೂ ಮಂದಿ, ಎಡಚನಾದ ಅವನಂತೆಯೇ, ಎಡಗೈಯಿಂದ ಮೆಷಿನ್ ಮುಟ್ಟಿ ಕಣ್ಣಿಗೊತ್ತಿಕೊಂಡು ಸ್ವಿಚ್ ಹಾಕುತ್ತಿದ್ದರು. ‘ಫಲಿತಾಂಶ ನೂರಕ್ಕೆ ನೂರು’ ಎಂದು ಅವಳು ಟೈಪ್ ಮಾಡಿದಳು.

"ಟೀ ತಣ್ಣಗಾಗೋಯ್ತು, ಲೋಹಿತ್," ಎನ್ನುತ್ತಾ ಪಕ್ಕದಲ್ಲಿ ಕೂತಿದ್ದ ತರಬೇತಿಯ ಹುಡುಗನಿಗೆ ಲೋಟ ಕೊಟ್ಟಳು.

ಅವನ ಎಡಗೈ ಥಟ್ಟನೆ ಮೇಲೆದ್ದಿತು. ಹಳೆಯ ಅಭ್ಯಾಸದಂತೆ ಅವಳು ಮುಖ ಮುಚ್ಚಿಕೊಂಡಳು.

"ಅಯ್ಯೋ, ಸಾರಿ ಮೇಡಂ! ಕೈ ತಾನಾಗೇ..." ಹುಡುಗ ಬಲಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿದ.

"ಗೊತ್ತು ಕಣಪ್ಪ. ನಿನ್ನ ಮದುವೆ ಯಾವತ್ತು ಅಂದೆ?"

"ಬರೋ ಭಾನುವಾರ, ಮೇಡಂ. ಕೆಲಸ ಸಿಕ್ತಲ್ಲ, ಹುಡುಗಿ ಮನೆಯವರು ತಕ್ಷಣ ಒಪ್ಕೊಂಡ್ರು."