ಪೊರೆ ಬಂದ ಕಣ್ಣು

"ಒಂದು ಮುದುಕಿಯ ಬಾಯಿ ಕಾಯೋಕಾಗಲ್ಲ, ನೀನೂ ಒಬ್ಬ ಮಗನೇನೋ?"

ಕಣ್ಣಾಸ್ಪತ್ರೆಯ ಪಡಸಾಲೆಯಲ್ಲಿ ಅಣ್ಣ ನಿಂಗರಾಜನನ್ನು ಗದರಿದ್ದಕ್ಕೆ ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವ್ವನ ಪೊರೆ ತೆಗೆಯುವ ಆಪರೇಷನ್ನು ಈ ಸಲವೂ ಮುಂದೆ ಹೋಗಿತ್ತು. ಸಕ್ಕರೆ ಇಳಿಯದೆ ಕಣ್ಣು ಮುಟ್ಟುವುದಿಲ್ಲ ಎಂದು ಡಾಕ್ಟರು ಮತ್ತೆ ವಾಪಸು ಕಳಿಸಿದ್ದರು.

ನಿಂಗರಾಜನಿಗೆ ಮೈಯೆಲ್ಲ ಉರಿಯಿತು. ಅವ್ವನಿಗೆ ಅಳೆದು ಮುದ್ದೆ ಹಾಕಿ, ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಚುಚ್ಚುವವನು ಅವನು. ಅಣ್ಣನೋ, ಇಸ್ತ್ರಿ ಅಂಗಿ ತೊಟ್ಟು ಬಂದು, ಬೈದು ಹೋಗುವ ಕಾಲೇಜು ಮೇಷ್ಟ್ರು.

"ನಾಲ್ಕಕ್ಷರ ಕಲಿತಿದ್ರೆ ತಾನೆ? ಎಮ್ಮೆ ಮೇಯಿಸಿದಂಗೆ ಮೇಯಿಸಿದ್ದೀಯ! ಆಪರೇಷನ್ ಒಂದಾಗ್ಲಿ, ಅವ್ವನ್ನ ನನ್ನ ಮನೇಲಿ ರಾಣಿ ಹಂಗೆ ಇಟ್ಕೋತೀನಿ."

ನೋಡುತ್ತಿದ್ದವರು ಮೆಚ್ಚಿ ತಲೆದೂಗಿದರು. ಅವ್ವನ ಬಾಯಿ ಆಗಲೂ ಏನನ್ನೋ ಚಪ್ಪರಿಸುತ್ತಿತ್ತು. ನಿಂಗರಾಜ ಅವಳ ಸೊಂಟದ ಎಲೆಯಡಿಕೆ ಸಂಚಿಯನ್ನು ಎಳೆದು ಬೆಂಚಿನ ಮೇಲೆ ಸುರುವಿದ. ಮನೆಯಲ್ಲಿ ಅವನು ತಡಕದೆ ಬಿಟ್ಟಿದ್ದು ಅದೊಂದನ್ನೇ. ಅಡಿಕೆ ಹೋಳಿನ ಜೊತೆ ಬೆಲ್ಲದ ಚೂರುಗಳು ಉದುರಿದವು.

"ಯಾಕವ್ವ? ಕಣ್ಣು ಬ್ಯಾಡ್ವಾ ನಿಂಗೆ?"

"ಬ್ಯಾಡ ಕನ್ ಮಗ," ಅಂದಳು ಅವ್ವ, ಕೈಯಾಡಿಸಿ ಬೆಲ್ಲ ಹುಡುಕುತ್ತಾ. "ಕಣ್ ಕಂಡ್ರೆ ಇವ್ನ ಮನೇಲಿ ಬೇಯ್ಸಾಕ್ಬೇಕಲ್ಲ. ಅವ್ವ ಬತ್ತಾಳೆ ಅಂತ ಅಡ್ಗೆಯವಳ್ನ ಆಗ್ಲೇ ಬುಡ್ಸವ್ನೆ."

"ಹೌದೇನಣ್ಣ?"

ಅಣ್ಣ ಜೇಬಿನಲ್ಲಿ ಕಾರಿನ ಕೀಲಿ ತಡಕುತ್ತಾ, ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ನಡೆದ.